ತೊಂಬತ್ತು ದಿನದ ಬಾಟಲಿ

ಪ್ರಯೋಗಾಲಯದ ಊಟದ ಕೋಣೆ,
ಶನಿವಾರ, ಮಾರ್ಚ್ ೧೪

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಕಿವಿಯ ಮಷೀನು ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಡ್ರಾಯರಿನಲ್ಲೇ ಅದಕ್ಕೆ ವಿಶ್ರಾಂತಿಯೋ? ಫೋನಿನಲ್ಲಿ ನಾನು ಕಿರುಚುವುದು, ನೀವು ಏನು ಕೇಳಿದರೂ "ಊಟ ಆಯ್ತು" ಅನ್ನುವುದು ಸಾಕಾಯಿತು. ಅದಕ್ಕೇ ಈ ಕಾಗದ. ತಮ್ಮ ಓದಿ ಹೇಳುವುದು ಬೇಡ, ನೀವೇ ಓದಿ.

ನೀವು ನುಂಗುವ ಆ ಬಿಳಿ ಮಾತ್ರೆಯ ಔಷಧಿಯ ಮೇಲೇ ನನ್ನ ಕೆಲಸ ಅಂತ ಹಿಂದೆ ಬರೆದಿದ್ದೆ. ಅದು ನೀರಿಗೆ ಜಗ್ಗುವುದೇ ಇಲ್ಲ. ಕಣಗಳು ಹರಳಿನಲ್ಲಿ ಸಾಲುಗಟ್ಟಿ ಬಿಗಿಯಾಗಿ ಕೂತಿವೆ, ಕರಗುವುದು ಎಲ್ಲಿಂದ ಬಂತು? ನುಂಗಿದ್ದರಲ್ಲಿ ಮುಕ್ಕಾಲು ಪಾಲು ಹಾಗೇ ಹೊರಗೆ ಹೋಗುತ್ತದೆ. ಅದಕ್ಕೇ ನಿಮಗೆ ದಿನಕ್ಕೆ ಆರು ಮಾತ್ರೆ, ಜೊತೆಗೆ ಎದೆಯುರಿ ಬೇರೆ. ನಾವು ಅದನ್ನು ಒಂದು ಅಮೈನೋ ಆಮ್ಲದ ಜೊತೆ ಉಕ್ಕಿನ ಗುಂಡುಗಳಿರುವ ಗಿರಣಿಯಲ್ಲಿ ಎರಡು ಗಂಟೆ ಅರೆಯುತ್ತೇವೆ. ಸಾಲು ಮುರಿದು, ಎರಡೂ ಬೆರೆತು, ಗಾಜಿನಂಥ ಪುಡಿಯಾಗುತ್ತದೆ. ನೀರಿಗೆ ಹಾಕಿದರೆ ನೋಡನೋಡುತ್ತಲೇ ಕರಗುತ್ತದೆ. ಔಷಧಿಯೊಂದನ್ನೇ ಅರೆದರೆ ನಾಲ್ಕೇ ದಿನಕ್ಕೆ ಮತ್ತೆ ಹರಳು. ಜೊತೆಗಾರ ಇದ್ದರೆ ಹಳೆಯ ಸಾಲಿಗೆ ಮರಳಲು ಬಿಡುವುದಿಲ್ಲ. ನಿಮ್ಮ ಔಷಧಿ ಅಂಗಡಿಯ ಹಿಂದಿನ ಕೋಣೆ ನೆನಪಾಗುತ್ತದೆ. ಕಲ್ಲಿನಲ್ಲಿ ಪುಡಿ ಅರೆಯುತ್ತ, "ದಿನಾ ಮುಚ್ಚಳ ತೆಗೆದು ನೋಡ್ಬೇಕು ಮಗಾ, ಇಲ್ಲಾಂದ್ರೆ ಕೆಟ್ಟಿದ್ದೇ ಗೊತ್ತಾಗಲ್ಲ" ಅನ್ನುತ್ತಿದ್ದಿರಿ.

ಗಿರಣಿಯ ಕೋಣೆಯಲ್ಲಿ ಈಗ ನಾನೊಬ್ಬಳೇ. ಜೊತೆಗಿದ್ದವಳನ್ನು ಮೇಲಿನ ಮಹಡಿಗೆ ಹಾಕಿದರು. ಸದ್ದಿಗೆ ಹೆದರಿ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತೇನೆ, ನಿಮ್ಮ ಮಗಳು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು! ಸಂಜೆ ಮನೆಗೆ ಹೋದರೆ ಒಂದು ತಟ್ಟೆ, ಒಂದು ಲೋಟ. ಬೇಜಾರು ಅಪ್ಪಾ, ಸುಳ್ಳು ಯಾಕೆ ಹೇಳಲಿ.

ತೊಂಬತ್ತು ದಿನ ಕೆಡದೆ ಉಳಿಯುತ್ತದೋ ಅಂತ ಬಾಟಲಿಯಲ್ಲಿಟ್ಟಿದ್ದ ಪುಡಿ ಮೊನ್ನೆ ಪರೀಕ್ಷೆಯಲ್ಲಿ ಫೇಲಾಯಿತು. ಹರಳು ಕಟ್ಟಿದೆ. ನಮ್ಮ ಮೇಡಂ ಕನ್ನಡಕ ತೆಗೆದು, "ಈ ಜೋಡಿ ಬಾಳಲ್ಲ ಕಣಮ್ಮಾ, ಸೋಮವಾರ ಕೈಬಿಟ್ಬಿಡೋಣ" ಅಂದರು. ಎರಡು ವರ್ಷದ ಕೆಲಸ. ನಾನೂ ಆಗಲಿ ಅಂದುಬಿಟ್ಟೆ.

ಆರು ಮಾತ್ರೆಯಲ್ಲಿ ಒಂದನ್ನೂ ತಪ್ಪಿಸಬೇಡಿ. ತಮ್ಮನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳಿ, ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡಿ.

ನಿಮ್ಮ ಆಶೀರ್ವಾದ ಬೇಡುವ,
ದೊಡ್ಡವಳು

ತಾ.ಕ.: ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ತಪ್ಪು ಜೋಡಿಯದಲ್ಲ ಅಪ್ಪಾ, ನನ್ನದು. ಆ ಬಾಟಲಿಯನ್ನು ತೊಂಬತ್ತು ದಿನ ತೆರೆಯಲೇಬಾರದು. ಗಾಳಿಯ ತೇವ ತಾಗಿದರೆ ಮುಗಿಯಿತು. ನಾನು ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡುತ್ತಿದ್ದೆ. ನೀವು ಕಲಿಸಿದ ಅಭ್ಯಾಸ ಅಂತ ನಿಮ್ಮ ತಲೆಗೆ ಕಟ್ಟಬಹುದಿತ್ತು. ನಿಜ ಏನೆಂದರೆ, ಬಂದ ಕೂಡಲೇ "ಹೇಗಿದ್ದೀಯಾ" ಅಂತ ಕೇಳಲು ಅಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಈಗಷ್ಟೇ ಮೇಡಂ ಕೋಣೆಯ ಬಾಗಿಲ ಸಂದಿಯಿಂದ ಒಳಗೆ ತಳ್ಳಿ ಬಂದೆ. ಕೆಲಸ ಉಳಿದರೆ ಹೊಸ ಬಾಟಲಿ ಇಡುತ್ತೇನೆ, ಮುಟ್ಟುವುದಿಲ್ಲ. ನೀವು ದಿನಕ್ಕೊಂದು ಸಾಲಾದರೂ ಬರೆದು ಹಾಕಿ. ಬೆಳಿಗ್ಗೆ ತೆರೆಯಲು ನನಗೆ ಏನಾದರೂ ಬೇಕು.