ಎರಡೂ ಕಡೆಯವರಿಗೆ ಒಪ್ಪಿಗೆ

ಶಹಾಪುರ
೧೮ ಮಾರ್ಚ್ ೨೦೨೫

ಮುದ್ದಿನ ಮಗಳು ದೇವಿಕಾಳಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಕಣ್ಣಿನ ಕೆಳಗಿನ ಊತ ಇಳಿಯಿತೇ? ನಿಮ್ಮ ಆಸ್ಪತ್ರೆಯ ಹಾಸ್ಟೆಲ್ಲಿನ ಊಟ ಒಗ್ಗಿತೇ? ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಟ್ಟಿದ್ದೇನೆ. ಇವತ್ತು ರಾತ್ರಿಯ ಬಸ್ಸಿಗೆ ಹೈದರಾಬಾದಿಗೆ ಹೊರಟಿರುವ ಹತ್ತಿ ವ್ಯಾಪಾರಿ ಮನ್ಸೂರಅಲಿ ಈ ಪತ್ರದ ಜೊತೆಗೇ ತಂದುಕೊಡುತ್ತಾರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಎತ್ತಿದರೆ ಸಾಕು, ನಿನ್ನ ಅಪ್ಪ ಪಕ್ಕದಲ್ಲಿ ಬಂದು ಕೂತು, ಮಾತು ಮೆತ್ತಗಿರಲಿ ಎಂದು ಕೈಸನ್ನೆ ಮಾಡುತ್ತಾರೆ.

ನಿನ್ನ ಗಂಡ ಸಾಯಿಕುಮಾರನ ಜೊತೆ ಮಾತಾಡಿ ಎಲ್ಲ ಬಗೆಹರಿಸುತ್ತೇನೆಂದು ಅಪ್ಪ ಹೇಳಿದ್ದಕ್ಕೆ ನೀನು ಹೂಂ ಅಂದೆಯಂತೆ. ಹೊಡೆದವನ ಹತ್ತಿರ ಮಾತಾಡುವುದೇನಿದೆಯೋ ನನಗೆ ಗೊತ್ತಾಗಲಿಲ್ಲ. ಹೋಗಲಿ, ಈ ಮಹಾನುಭಾವರು ಬಗೆಹರಿಸುವುದು ಹೇಗೆಂದಾದರೂ ತಿಳಿದುಕೋ. ರಾಯಭಾರ ಕಚೇರಿಗಳಲ್ಲಿ ಇವರು ಸವೆಸಿದ ಆಯುಷ್ಯವೆಲ್ಲ ಯಾರೂ ಮುನಿಸಿಕೊಂಡು ಎದ್ದುಹೋಗದಂತೆ ಜನರನ್ನು ಕೂಡಿಸುವುದರಲ್ಲೇ ಮುಗಿಯಿತು. ಯಾವ ಮಂತ್ರಿಯ ಬಲಕ್ಕೆ ಯಾರ ಹೆಂಡತಿ ಕೂರಬೇಕೆಂದು ಮಧ್ಯಾಹ್ನವಿಡೀ ತಲೆ ಕೆಡಿಸಿಕೊಳ್ಳುತ್ತಿದ್ದರು. ಕೊಲ್ಲಿ ದೇಶದಲ್ಲಿದ್ದಾಗ ನಮ್ಮ ಸುರಪುರದ ಸುಲ್ತಾನಸಾಬ ಎಂಬ ಗಾರೆ ಕೆಲಸದವನು, ಮಾಲೀಕ ಪಾಸ್‌ಪೋರ್ಟ್ ಕಸಿದುಕೊಂಡಿದ್ದಾನೆಂದು ಅಳುತ್ತಾ ಬಂದಿದ್ದ. ಅಪ್ಪ ಅವನಿಗೆ ಚಹಾ ಕೊಟ್ಟರು, ಮಾಲೀಕನನ್ನೂ ಕರೆಸಿ ಚಹಾ ಕೊಟ್ಟರು. ಸಂಜೆ ಆ ಮಾಲೀಕನ ಕಾರಿನಲ್ಲೇ ಬಡಪಾಯಿಯನ್ನು ಹತ್ತಿಸಿ ಕಳಿಸಿ, 'ಸೌಹಾರ್ದದಿಂದ ಮುಗಿಯಿತು' ಎನ್ನುತ್ತಾ ಊಟಕ್ಕೆ ಬಂದರು. ಪಾಸ್‌ಪೋರ್ಟ್ ಮಾಲೀಕನ ಹತ್ತಿರವೇ ಉಳಿಯಿತು.

ನಿವೃತ್ತರಾದ ಮೇಲಾದರೂ ಸುಮ್ಮನೆ ಕೂತಿದ್ದರೆ ಈ ಸೀಮೆಗೆ ಪುಣ್ಯ ಬರುತ್ತಿತ್ತು. ಹುಟ್ಟಿದ ಮಣ್ಣಿನ ಋಣ ಎಂದು ಗೋಗಿ ರಸ್ತೆಯಲ್ಲಿ ಶಾಲೆ ತೆರೆದು ರಾತ್ರೋರಾತ್ರಿ ಶಿಕ್ಷಣತಜ್ಞರಾದರು. ಯಾದಗಿರಿಯ ಸಭೆಗಳಲ್ಲಿ ಹೊದಿಸಿದ ಶಾಲುಗಳು ತುಂಬಿ ಬೀರುವಿನ ಬಾಗಿಲು ಹಾಕಲು ಬರುತ್ತಿಲ್ಲ. ಅತಿಥಿಗಳು ಬಂದರೆ ಕೈಕುಲುಕುವುದು ಹೇಗೆಂದು ಮಕ್ಕಳಿಗೆ ವಾರಕ್ಕೊಂದು ಪಾಠ ಬೇರೆ. ಇನ್ನೂ ಮಗ್ಗಿ ಬಾರದ ಮಕ್ಕಳು ಕೈ ಮಾತ್ರ ಚೆನ್ನಾಗಿ ಕುಲುಕುತ್ತವೆ.

ಆ ಶಾಲೆಯ ಅಡುಗೆಗೆ ಸೂಗಮ್ಮನನ್ನು ಗೊತ್ತುಮಾಡಿದವಳು ನಾನೇ. ದಲಿತ ಕೇರಿಯ ಹೆಣ್ಣುಮಗಳು, ಗಟ್ಟಿಗಿತ್ತಿ. ಅವಳ ಕೈಯ ಸಾರೆಂದರೆ ಹುಡುಗರು ತಟ್ಟೆ ನೆಕ್ಕುತ್ತಿದ್ದರು. ಹೋದ ವಾರ ಪಾಲಕರ ಮುಂದಾಳು ಮರಿಲಿಂಗ ತನ್ನ ಜನರನ್ನು ಕಟ್ಟಿಕೊಂಡು ಬಂದ. "ಆಕಿ ಮಾಡಿದ್ದು ನಮ್ಮ ಹುಡುಗ್ರು ಉಣ್ಣಂಗಿಲ್ರಿ ಸಾಹೇಬ್ರ. ಆಕಿನ್ನ ಇಟ್ಕೋರಿ, ಇಲ್ಲಾ ನಮ್ಮ ಹುಡುಗ್ರನ್ನ ಇಟ್ಕೋರಿ" ಎಂದ. ಬಾಗಿಲು ತೋರಿಸಬೇಕಾದ ಮಾತಿಗೆ ನಿನ್ನ ಅಪ್ಪ ಕುರ್ಚಿ ಹಾಕಿಸಿದರು. ಊಟದ ಹೊತ್ತು ಮೀರುವವರೆಗೂ ಮಾತುಕತೆ ನಡೆಸಿ, ಸೂಗಮ್ಮನನ್ನು ಒಲೆಯ ಮುಂದಿನಿಂದ ಎಬ್ಬಿಸಿ 'ಉದ್ಯಾನ ಮೇಲ್ವಿಚಾರಕಿ' ಮಾಡಿದರು. ಸಂಬಳ ಹಳೆಯದೇ, ಹೆಸರು ದೊಡ್ಡದು, ಎರಡೂ ಕಡೆಯವರಿಗೆ ಒಪ್ಪಿಗೆ ಎಂದು ಘೋಷಿಸಿಯೂಬಿಟ್ಟರು. ಮರಿಲಿಂಗನ ಕಡೆಯವರು ಚಪ್ಪಾಳೆ ತಟ್ಟಿದರು. ಸೂಗಮ್ಮನನ್ನು ಯಾರೂ ಕೇಳಿರಲೇ ಇಲ್ಲ.

ಸುದ್ದಿ ತಿಳಿದು ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಗಿಡಕ್ಕ ನೀರ ಹಾಕಾಕ ನನ್ನ ಕೈ ನಡೀತದ, ಅನ್ನ ಮಾಡಾಕ ನಡಿಯಂಗಿಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದಳು. ಸಾಹೇಬರು ಎದ್ದು ನಿಂತು, ತಲೆ ಬಾಗಿಸಿ, 'ನಿಮ್ಮ ಭಾವನೆಯನ್ನು ಗಂಭೀರವಾಗಿ ಗಮನಿಸಿದ್ದೇನೆ' ಎಂದರು! ಅವಳು ತನ್ನ ಚೀಲ ಎತ್ತಿಕೊಂಡು ನಡೆದೇಬಿಟ್ಟಳು. ನನಗೆ ಇವರ ಮೇಲೆ ಸಿಟ್ಟು ಸಹ ಬರಲಿಲ್ಲ ಮಗಾ, ಹೇಸಿಗೆಯಾಯಿತು. ಮರುದಿನ ಅವಳ ಮನೆಗೆ ಹೋದರೆ, "ಸಾಹೇಬ್ರು ಕಳಿಸ್ಯಾರೇನ್ರಿ ಅಮ್ಮಾರ?" ಎಂದಳು. ಇಲ್ಲ, ನಾನೇ ಬಂದೆ ಎಂದ ಮೇಲೆಯೇ ಒಳಗೆ ಕರೆದು ರೊಟ್ಟಿ ಹಾಕಿದಳು. ಇಲ್ಲಿ ಇವರು 'ಸಹಮತದ ಶಿಕ್ಷಣ' ಎಂಬ ಭಾಷಣ ಬರೆಯುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕಣ್ಣಿಗೆ ಔಷಧಿ ಬಿಡುವುದನ್ನು ಮರೆಯಬೇಡ. ನಿನ್ನ ಮೈಯೂ ಮನಸ್ಸೂ ಗಟ್ಟಿಯಾಗಲಿ, ನೀನು ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ,
ನಾಗಲಕ್ಷ್ಮಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಪಡಸಾಲೆಯಲ್ಲಿ ಸಾಯಿಕುಮಾರನೊಡನೆ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. ಒಪ್ಪಂದ ಆಗಿಹೋಗಿದೆ. ಅವನು ಇನ್ನು ಮೇಲೆ ಹೊಡೆಯುವುದಿಲ್ಲವಂತೆ. ಅದಕ್ಕೆ ಬದಲಾಗಿ ನೀನು ಆಸ್ಪತ್ರೆಯ ಕೆಲಸ ಬಿಡಬೇಕಂತೆ. ಭಾನುವಾರ ನಿನ್ನನ್ನು ಕರೆದೊಯ್ಯಲು ಬರುತ್ತಾನೆ. ಹೋಗಬೇಡ. ಕೆಲಸ ಬಿಡಬೇಡ. ನಾಳೆ ನಾನು ಯಾದಗಿರಿಯಲ್ಲಿ ರೈಲು ಹತ್ತುತ್ತೇನೆ, ಅವನು ಬಂದಾಗ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಅರ್ಧ ದಾರಿಯ ತಾಂಡೂರಿನಲ್ಲಿ ಇಳಿದುಬಿಡು ಎಂದು ನನ್ನನ್ನು ಒಪ್ಪಿಸಲು ಕೂರುತ್ತಾರೆ.