ಎಡಗೈ ಎಲ್ಲಿತ್ತು?

ಪಣಜಿ
೧೨ ನವೆಂಬರ್ ೧೯೮೯

ಪ್ರೀತಿಯ ಅನ್ನಪೂರ್ಣಾ,

ಬೆಳಗಾವಿಯಲ್ಲಿ ಚಳಿ ಬಿದ್ದಿರಬೇಕು. ನಿನ್ನ ಮೊಣಕಾಲು ಹೇಗಿದೆ? ಅತ್ತೆಯವರ ಕೆಮ್ಮು ಇಳಿಯಿತೇ? ನಾನು ಸೌಖ್ಯ ಎಂದು ಬರೆಯಬೇಕು. ಸೌಖ್ಯವೋ ಅಲ್ಲವೋ ನನಗೇ ತಿಳಿಯದಾಗಿದೆ. ತವರಿಗೆ ಹೋಗಲು ಬಸ್ಸು ಹತ್ತುವಾಗ ನೀನು ತಿರುಗಿಯೂ ನೋಡಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ನೋಡುತ್ತಿರಲಿಲ್ಲವೇನೋ.

ಅಂದು ನಮ್ಮ ಸೀರೆ ಅಂಗಡಿಯಲ್ಲಿ ನಡೆದದ್ದನ್ನು ನನಗೆ ಕಂಡಂತೆ ಹೇಳುತ್ತೇನೆ. ನಮ್ಮ ಗಿರಾಕಿ ಜಮುನಾಬಾಯಿ ಮಗಳ ಮದುವೆಗೆಂದು ಇಳಕಲ್ ಸೀರೆ ನೋಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬಲಗೈಯಿಂದ ಮೇಲಿನ ಕಪಾಟಿನ ಗಂಟು ಇಳಿಸುತ್ತಿದ್ದೆ. ಎಡಗೈಯನ್ನು ಗಲ್ಲೆಯ ಮೇಜಿನ ಮೇಲೆ ಊರಿದ್ದೆ. ಊರಿದ್ದೇನೆ ಎಂದೇ ಮನಸ್ಸು ಹೇಳುತ್ತಿತ್ತು. “ಕಿತೆಂ ಕರ್ತಾತ್ ತುಮಿ?”, ಏನು ಮಾಡುತ್ತಿದ್ದೀರಿ ನೀವು, ಎಂದು ಆಕೆ ಕೊಂಕಣಿಯಲ್ಲಿ ಚೀರಿದಾಗ, ಗಂಟು ಆಕೆಯ ಮೈಮೇಲೆ ಬಿತ್ತೇನೋ ಎಂದುಕೊಂಡೆ. ತಿರುಗಿ ನೋಡಿದರೆ ಆಕೆಯ ಭುಜದ ಮೇಲೆ ಒಂದು ಕೈ! ಅಂಗಿಯ ತೋಳು ನೋಡಿದ ಮೇಲೇ ಅದು ನನ್ನದೆಂದು ಹೊಳೆದದ್ದು. “ನಾ ಮುಟ್ಟಿಲ್ರಿ ಬಾಯಾರ, ದೇವರಾಣಿ” ಎನ್ನುವಾಗಲೂ ಕೈ ಅಲ್ಲೇ ಇತ್ತು. ಕೆಲವರು ನಕ್ಕರು, ಕೆಲವರು ಬೈದರು. ನೀನು ಒಳಗಿನಿಂದ ಬಂದು ಆ ಕೈಯನ್ನು ಕಿತ್ತು ಕೆಳಗಿಟ್ಟೆ. “ಕಣ್ಣಾರೆ ನೋಡೇನ್ರಿ ನಾ. ಮುಟ್ಟಿದ್ದಕ್ಕಿಂತ ಈ ಸುಳ್ಳು ಭಾಳ ಹೊಲಸ” ಎಂದ ನಿನ್ನ ಮಾತು ಕಿವಿಯಲ್ಲೇ ಇದೆ.

ಆಷಾಢದಲ್ಲಿ ನನಗೆ ಲಕ್ವಾ ಹೊಡೆದಾಗ ನೀನೇ ಉಣಿಸಿದೆ, ನೀನೇ ನಡೆಸಿದೆ. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು, ಎಡಗೈಗೂ ಬಲ ಬಂತು. ಗುಣವಾಯಿತೆಂದು ಇಬ್ಬರೂ ನಂಬಿದ್ದೆವು. ನೀನು ಹೋದ ಮೇಲೆ ನನಗೇ ನನ್ನ ಮೇಲೆ ಸಂಶಯ ಬಂದು ಆಸ್ಪತ್ರೆಗೆ ಹೋದೆ. ಅಲ್ಲಿ ಧಾರವಾಡದ ಕಡೆಯ ಡಾಕ್ಟರಮ್ಮ ಒಬ್ಬರಿದ್ದಾರೆ. ಕಣ್ಣು ಮುಚ್ಚಿಸಿ, ನನ್ನ ಎಡಗೈಯನ್ನು ಮೆಲ್ಲಗೆ ಎಲ್ಲಿಗೋ ಒಯ್ದರು. ಬಲಗೈಯನ್ನೂ ಹಾಗೇ ಹಿಡಿಯಲು ಹೇಳಿದರು. ನಾನು ಧೈರ್ಯವಾಗಿ ತೊಡೆಯ ಮೇಲಿಟ್ಟೆ. ಕಣ್ಣು ತೆರೆದರೆ ಎಡಗೈ ಭುಜದ ಎತ್ತರಕ್ಕಿದೆ! ಮೊದಲು ನಗು ಬಂತು, ಆಮೇಲೆ ಜಮುನಾಬಾಯಿಯ ಭುಜ ನೆನಪಾಯಿತು.

“ಕೈ ಎಲ್ಲಿ ಅದ, ಎತ್ಲಾಗ ಹೊಂಟದ ಅನ್ನೋ ಸುದ್ದಿ ಕೀಲಿನಿಂದ, ಸ್ನಾಯುವಿನಿಂದ ಮಿದುಳಿಗೆ ಹೋಗ್ತಿರ್ತದ್ರಿ. ನಿಮಗ ಬಲಾ ಬಂದದ, ಆದ್ರ ಆ ಸುದ್ದಿ ಮುಟ್ಟವಲ್ದು; ಮುಟ್ಟಿದ್ದು, ಬಿಸಿ ಹತ್ತಿದ್ದೂ ಸರಿ ತಿಳಿಯಂಗಿಲ್ಲ. ಇನ್ನ ಕೈ ಮ್ಯಾಲೆ ಕಣ್ಣಿಟ್ಟ ಕೆಲಸಾ ಮಾಡ್ರಿ” ಎಂದರು. ತಪ್ಪು ನಿಮ್ಮದಲ್ಲ ಎಂದೂ ಹೇಳಿದರು. ಹಾಗಾದರೆ ಯಾರದು? ಮುಟ್ಟಿದ್ದು ಖರೇ, ಮುಟ್ಟಿಲ್ಲ ಎಂದದ್ದೂ ಖರೇ. ಎರಡೂ ಒಂದೇ ಮೈಯಲ್ಲಿ ಹೇಗೆ ಖರೇ ಆಗುತ್ತವೆ? ನನ್ನ ಬುದ್ಧಿಗೆ ಎಟುಕುತ್ತಿಲ್ಲ. ಈಗ ದಾರಿಯಲ್ಲಿ ನಡೆಯುವಾಗ, ಪಕ್ಕದಲ್ಲಿ ಯಾರಾದರೂ ಹೆಂಗಸರು ಬಂದರೆ ಎಡಗೈಯನ್ನು ಬಲಗೈಯಿಂದ ಹಿಡಿದುಕೊಳ್ಳುತ್ತೇನೆ, ಪರರ ಮಗುವನ್ನು ಹಿಡಿದಂತೆ.

ಜಮುನಾಬಾಯಿಯ ಮನೆಗೂ ಹೋಗಿ ಹೊಸ್ತಿಲ ಹೊರಗೇ ನಿಂತು ಇದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದರು. ನೀರು ಕೊಟ್ಟರು. ಆದರೆ ಸೀರೆಯನ್ನು ಬೇರೆ ಕಡೆ ಕೊಳ್ಳುತ್ತೇವೆ ಎಂದರು. ನಂಬಿದರೋ ಇಲ್ಲವೋ, ಮುಖ ನೋಡಿ ತಿಳಿಯಲಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಥಂಡಿಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ನಿನ್ನವ,
ಪಂಚಾಕ್ಷರಿ

ತಾ.ಕ.: ಬರೆಯಬಾರದೆಂದಿದ್ದೆ. ನಿನ್ನೆ ಚಹಾಕ್ಕೆ ಸ್ಟೋವ್ ಹಚ್ಚಿ, ಕಿಟಕಿಯಾಚೆ ನೋಡುತ್ತ ನಿಂತಿದ್ದೆ. ಸುಟ್ಟ ವಾಸನೆ ಬಂದಾಗ ಹಾಲೆಂದುಕೊಂಡೆ; ನೋಡಿದರೆ ಸುಡುತ್ತಿದ್ದುದು ನನ್ನ ಎಡಗೈ. ಪಟ್ಟಿ ಕಟ್ಟಿದ್ದಾರೆ, ಗಾಬರಿ ಬೇಡ. ನನ್ನ ಮಾತಿನಲ್ಲಿ ನಂಬಿಕೆ ಬಂದ ಮೇಲೆ ಬಾ ಎಂದು ಹೇಳಿ ಕಾಯುವಷ್ಟು ಪುರುಸೊತ್ತು ನನಗಿಲ್ಲ, ಅನ್ನಪೂರ್ಣಾ. ಸಿಟ್ಟು ಇಟ್ಟುಕೊಂಡೇ ಬಾ.