ಅರ್ಧಕ್ಕೇ ನಿಂತ ಹೆಸರು

ನಂದೊಳ್ಳಿ, ಯಲ್ಲಾಪುರ
೧೯ ಫೆಬ್ರವರಿ ೨೦೨೫

ಪ್ರೀತಿಯ ಮಧುರಾ,

ಮಾವನ ಆಶೀರ್ವಾದ. ಸೊಂಟನೋವು ಕಡಿಮೆಯಾಯಿತೇ? ಮಗಳು ನಿನಗೆ ಸ್ವಲ್ಪವಾದರೂ ನಿದ್ದೆ ಮಾಡಗೊಡುತ್ತಾಳೋ ಇಲ್ಲವೋ? ಚಿರಂತನ ತಂಗಿಯ ಕೆನ್ನೆ ಹಿಂಡುವುದನ್ನು ಇನ್ನೂ ಬಿಟ್ಟಿರಲಿಕ್ಕಿಲ್ಲ. ನಿನ್ನ ಅತ್ತೆ ಮಾಡಿದ ಬಾಣಂತಿ ಲೇಹ್ಯ ತೆಗೆದುಕೊಂಡು ಪಕ್ಕದ ಮನೆಯ ಕಿರಣ ಸಿದ್ದಾಪುರಕ್ಕೆ ಬರುತ್ತಿದ್ದಾನೆ, ಅವನ ಕೈಯಲ್ಲೇ ಈ ಪತ್ರ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ತವರಿನಲ್ಲಿ ಸ್ಪೀಕರ್ ಹಾಕಿ ಹತ್ತು ಜನ ಕೇಳುತ್ತೀರಿ ಮಾರಾಯ್ತಿ, ನನಗೆ ನಾಚಿಕೆ.

ಮಾವಿನ ಹೂ ಬಿಟ್ಟಿತೆಂದರೆ ನನ್ನ ಮೂಗಿನ ಪಾಡು ನಿನಗೆ ಗೊತ್ತೇ ಇದೆ. ನಾಲ್ಕು ವರ್ಷದ ಹಿಂದೆ ಇದೇ ದಿನಗಳಲ್ಲಿ ಚಿರಂತನನ ನಾಮಕರಣ. ಅಪ್ಪನಾದ ವೈಭವ ಹೇಳಿದ ಮೇಲೆ ಅಜ್ಜನಾದ ನಾನು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಿತ್ತು. ಬಗ್ಗಿ ‘ಚಿರಂ’ ಎಂದೆ, ಮುಂದೆ ಬಂದದ್ದು ಮೂರು ಸೀನು! ಮಗು ಕಿಟಾರನೆ ಕಿರುಚಿತು, ಬಂದವರೆಲ್ಲ ನಕ್ಕರು, ಉಳಿದರ್ಧ ಹೆಸರನ್ನು ನಿನ್ನ ಅಪ್ಪ ಹೇಳಿ ಮುಗಿಸಿದರು. ನಾನೂ ನಕ್ಕೆ. ಆದರೆ ಆ ದಿನ ಊಟ ಸೇರಲಿಲ್ಲ. ತಿಂಗಳ ಹಿಂದೆ ನಾನು ಫೋನಿನಲ್ಲಿ ಸೀನಿದಾಗ ಚಿರಂತನ ‘ಅಜ್ಜ, ಸೀನಡ, ತಂಗಿ ಎದ್ಬುಡ್ತು!’ ಎಂದು ಕೂಗಿದ. ಅದಕ್ಕೇ ಈ ಸಲ ಮೊಮ್ಮಗಳ ನಾಮಕರಣದಲ್ಲಿ ನಿನ್ನ ಅಪ್ಪನೇ ಹೆಸರು ಹೇಳಲಿ ಎಂದು ಹೇಳಿ ಕಳಿಸಿದ್ದು. ದೊಡ್ಡ ಮನಸ್ಸಿನಿಂದಲ್ಲ, ಹೆದರಿ.

ಆಮೇಲೆ ಸುಮ್ಮನೆ ಕೂರಲಾಗಲಿಲ್ಲ. ಸೊಸೈಟಿ ಕೆಲಸವೆಂದು ನಿನ್ನ ಅತ್ತೆಗೆ ಸುಳ್ಳು ಹೇಳಿ, ಶಿರಸಿಯಲ್ಲಿ ಅಕ್ಯುಪಂಕ್ಚರ್ ಮಾಡುವ ಡಾಕ್ಟರಮ್ಮನ ಹತ್ತಿರ ಹೋದೆ. ಇಂಜೆಕ್ಷನ್ನೇ ಇರಬೇಕೆಂದು ಅಂಗಿಯ ತೋಳು ಮಡಚಿ ಕುಳಿತರೆ, ಅವರು ಸೂಜಿ ಹಿಡಿದು ಮೂಗಿನ ಕಡೆಗೇ ಬರಬೇಕೇ! ಮೂಗಿನ ಎರಡೂ ಪಕ್ಕ, ಹುಬ್ಬುಗಳ ನಡುವೆ, ಹೆಬ್ಬೆರಳಿನ ಸಂದಿಯಲ್ಲಿ, ಮೊಣಕಾಲಿನ ಕೆಳಗೆ. ಕೂದಲಿನಷ್ಟು ಸಪೂರ ಸೂಜಿ, ಇರುವೆ ಕಚ್ಚಿದಷ್ಟೂ ನೋವಿಲ್ಲ. ಇಪ್ಪತ್ತು ನಿಮಿಷ ಅಲ್ಲಾಡಬೇಡಿ ಎಂದರು, ನಾನು ಗೊರಕೆ ಹೊಡೆದೆನಂತೆ. ‘ಎಲ್ಲರಿಗೂ ಗುಣ ಆಗ್ತದೆ ಅಂತ ಹೇಳೂದಿಲ್ಲ, ಸೀನಿನ ಮಾತ್ರೆ ಬಿಡಬೇಡಿ’ ಎಂದೂ ಹೇಳಿದರು. ವಾರಕ್ಕೆರಡು ಸಲ ಹೋದೆ. ಮೊದಲೆರಡು ವಾರ ಏನೂ ಆಗಲಿಲ್ಲ, ಬಸ್ಸಿನಲ್ಲಿ ಸೀನುತ್ತಲೇ ಮನೆಗೆ ಬಂದೆ. ಐದನೇ ಸಲವಾದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜಿ, ಚಾ ಕುಡಿದು, ಪೇಪರ್ ಓದಿ ಮುಗಿಸಿದೆ. ನಿನ್ನ ಅತ್ತೆ ದೇವಕಿ ಒಳಗಿನಿಂದ ಓಡಿ ಬಂದಳು. ‘ಎಂತ ಆತು? ಇವತ್ತು ಒಂದೂ ಸೀನಿದ್ದಿಲ್ಲೆ, ಆರಾಮಿದ್ರಾ?’ ಸುಳ್ಳು ಅಲ್ಲಿಗೇ ಸಿಕ್ಕಿಬಿತ್ತು, ಬೈಸಿಕೊಂಡೆ. ಈಗ ದಿನಕ್ಕೆ ಒಂದೋ ಎರಡೋ ಸೀನು, ಅಷ್ಟೇ. ಸೂಜಿಯಿಂದಲೋ, ಮಾತ್ರೆಯಿಂದಲೋ, ನನಗೆ ಗೊತ್ತಿಲ್ಲ. ಜೀವ ಎಷ್ಟು ಹಗುರಾಗಿದೆ ಅಂತೀಯ! ಮಾವಿನ ಹೂವಿನ ಪರಿಮಳ ಹೇಗಿರುತ್ತದೆಂದು ಅರವತ್ತಾರನೇ ವರ್ಷದಲ್ಲಿ ತಿಳಿಯಿತು.

ತಣ್ಣೀರು ಮುಟ್ಟಬೇಡ, ಕಿವಿಗೆ ಹತ್ತಿ ಇಟ್ಟುಕೋ. ಬೀಗರಿಗೆ ನಮಸ್ಕಾರ ಹೇಳು. ನಿನ್ನನ್ನೂ ಮಕ್ಕಳನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಮಾವ,
ನಾಗಪತಿ

ತಾ.ಕ.: ಕಿರಣ ಬೈಕ್ ಚಾಲೂ ಮಾಡಿ ನಿಂತಿದ್ದಾನೆ, ಹೇಳಬೇಕಾದದ್ದೇ ಉಳಿದುಹೋಯಿತು. ಸೋಮವಾರದ ನಾಮಕರಣದಲ್ಲಿ ನನ್ನ ಸರದಿ ನನಗೇ ವಾಪಸ್ ಕೊಡಿಸುತ್ತೀಯಾ? ನಿನ್ನ ಅಪ್ಪನಿಗೆ ನೀನೇ ಮೆಲ್ಲಗೆ ಹೇಳಬೇಕು. ಎಂಟು ದಿನದಿಂದ ಕೊಟ್ಟಿಗೆಯಲ್ಲಿ ಕರುವಿನ ಕಿವಿಗೆ ಬಗ್ಗಿ ಹೆಸರು ಹೇಳಿ ನೋಡುತ್ತಿದ್ದೇನೆ, ಒಮ್ಮೆಯೂ ಸೀನಿಲ್ಲ, ಪೂರ್ತಿ ಹೇಳಿದ್ದೇನೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಿಂದ ಅದನ್ನು ಮೊದಲು ಮೊಮ್ಮಗಳೇ ಕೇಳಬೇಕು. ಕರು ಕೇಳಿದ್ದು ಲೆಕ್ಕಕ್ಕಿಲ್ಲ.